ಕುಂಕುಮ ತಾಗಿದ್ದು ಯಾವುದು

ದಾನಮ್ಮ ಕಂಪ್ಯೂಟರಿನ ಮೇಜು ಒರೆಸುತ್ತಿದ್ದಳು. ಮೊನ್ನೆಯಿಂದ ಬೀಸಿದ ಗಾಳಿ ಮುಚ್ಚಿದ ಕಿಟಕಿಯ ಸಂದಿಯಿಂದಲೂ ನುಸುಳಿ, ಮನೆಯಲ್ಲಿದ್ದ ಎಲ್ಲದರ ಮೇಲೆ ಜರಡಿ ಹಿಡಿದ ಹಿಟ್ಟಿನಂಥ ಧೂಳು ಬಿಟ್ಟುಹೋಗಿತ್ತು. ಮೌಸನ್ನು ಎತ್ತಿ ಅದರ ಕೆಳಗೆ, ಕೀಬೋರ್ಡನ್ನು ಎತ್ತಿ ಅದರ ಕೆಳಗೆ, ಮತ್ತೆ ಎಲ್ಲವನ್ನೂ ಇದ್ದ ಜಾಗದಲ್ಲಿ ಇದ್ದ ಓರೆಯಲ್ಲೇ ಇಡುತ್ತಾ ಒರೆಸಿದಳು. ಈ ಮೇಜನ್ನು ಯಾರೂ ಮುಟ್ಟಿಯೇ ಇಲ್ಲ ಅನ್ನುವ ಹಾಗೆ ಒರೆಸುವುದು ಅವಳಿಗೆ ರೂಢಿಯಾಗಿತ್ತು. ಕೆಳಗಿನ ವರ್ಕ್‌ಶಾಪಿನಲ್ಲಿ ಇನ್ನೂ ವೆಲ್ಡಿಂಗ್ ಶುರುವಾಗಿರಲಿಲ್ಲ. ಹಾಗಾಗಿ ಬಟ್ಟೆ ಮೇಜಿನ ಮೇಲೆ ಹರಿದಾಡುವ ಸದ್ದು ಕೂಡ ಅವಳಿಗೆ ಕೇಳಿಸುತ್ತಿತ್ತು. ಕೊನೆಗೆ ಉಳಿದದ್ದು ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಪೊಟ್ಟಣ. ಅದನ್ನು ಎತ್ತಿ ಕೆಳಗೆ ಒರೆಸಿದಳು. ಒರೆಸಿದ ಮೇಲೆ ಅದನ್ನು ಇಡಬೇಕಾಗಿತ್ತು. ಇಡಲಿಲ್ಲ.

ಪೊಟ್ಟಣದೊಳಗೆ, ಕಂಪ್ಯೂಟರಿನ ಒಳಗೆ ಕೂರಿಸುವ ಎರಡು ಮೆಮರಿ ಸ್ಟಿಕ್ಕುಗಳಿದ್ದವು. ನಿನ್ನೆ ಸಂಜೆ ಗಂಡ ಈರೇಶ ಅವನ್ನು ಮಷೀನಿನಿಂದ ಕಿತ್ತು, ತನ್ನ ಹಳೆಯ ಮೆಮರಿಯನ್ನೇ ವಾಪಸ್ ಹಾಕಿ, ಇವನ್ನು ಬಂದ ಪೊಟ್ಟಣದಲ್ಲೇ ತುಂಬಿಟ್ಟಿದ್ದ. ಈ ಅರಬ್ಬರ ನಾಡಿನಲ್ಲಿ ವಾರದ ರಜೆ ಶುಕ್ರವಾರ; ಇವತ್ತು ಗುರುವಾರ, ರುಸೈಲಿನಲ್ಲಿ ಅವನ ಕಂಪನಿಗೆ ಅರ್ಧ ದಿನ. ಊಟಕ್ಕೆ ದೇಜಪ್ಪಣ್ಣ, ಅವರ ಹೆಂಡತಿ ಸ್ವರ್ಣಲತಾ ಬರುತ್ತಾರೆ. ಇದೇ ಅಲ್ ಮಬೇಲಾದಲ್ಲಿ ಎರಡು ಬೀದಿ ಆಚೆ ಅವರ ಮನೆ. ಊಟ ಮುಗಿಸಿ ದೇಜಪ್ಪಣ್ಣ ತಮ್ಮ ಕಂಪನಿಯ ಕೆಲಸಕ್ಕೆ ದೂರದ ಬುರೈಮಿ ಪಟ್ಟಣಕ್ಕೆ ಹೊರಡುತ್ತಾರೆ. ಹೋಗುವಾಗ ಪೊಟ್ಟಣ ಒಯ್ದು, ಅದನ್ನು ತಂದ ಅಂಗಡಿಗೇ ಕೊಟ್ಟು, ಬೇರೆಯದು ತರುತ್ತಾರೆ. ಅಲ್ಲಿಗೆ ಖಲಾಸ್ ಎಂದು ಈರೇಶ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಾ ಹೇಳಿದ್ದ. ಆ ಮಾತಿಗೆ ತನಗೆ ಹಗುರಾಗಬೇಕಿತ್ತು ಎಂದು ದಾನಮ್ಮನಿಗೆ ಅನ್ನಿಸಿತ್ತು. ಆಗಲಿಲ್ಲ. ಮನೆಯಿಂದ ಹೊರಗೆ ಹೋದ ವಸ್ತು ಮತ್ತೆ ಬಾಯಿ ಬಿಡುವುದಿಲ್ಲ. ಅದರ ಬಗ್ಗೆ ಮನೆಯಲ್ಲಿ ಉಳಿದವರು ಏನು ಹೇಳುತ್ತಾರೋ ಅದೇ ಉಳಿಯುತ್ತದೆ.

ಮಷೀನಿಗೆ ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ವೇಗ ಕೊಟ್ಟು ಓಡಿಸುವುದು ಈರೇಶನ ಗೀಳು. ಓವರ್‌ಕ್ಲಾಕಿಂಗ್ ಎಂದು ಅದಕ್ಕೆ ಹೆಸರು. ಬೇರೆ ಗಂಡಸರು ಶುಕ್ರವಾರ ಕ್ರಿಕೆಟ್ ಆಡಿದರೆ ಇವನು ಮಷೀನಿನ ಮಗ್ಗುಲಿನ ತಗಡು ಬಿಚ್ಚಿ ಕೂರುತ್ತಿದ್ದ. ಅವಳು ಚಹಾದ ಲೋಟ ಹಿಡಿದು ಹಿಂದೆ ನಿಲ್ಲುತ್ತಿದ್ದಳು. ಅವನು ಒತ್ತುವ ಪ್ರತಿಯೊಂದು ಕೀಲಿಯ ಹೆಸರನ್ನೂ ತನಗೆ ತಾನೇ ಹೇಳಿಕೊಳ್ಳುತ್ತಾ ಒತ್ತುತ್ತಿದ್ದ, ಮಕ್ಕಳು ಮಗ್ಗಿ ಹೇಳುವ ಹಾಗೆ. ಈ ಕಿಟ್, ಅಂದರೆ ಈ ಜೋಡಿ ಸ್ಟಿಕ್ಕು, ಇನ್ನೂರು ಮೆಗಾಹರ್ಟ್ಸ್ ವೇಗಕ್ಕೆ ಓಡಬೇಕಾದದ್ದು. ಆದರೆ ಇದೇ ಹೆಸರಿನ, ಇದೇ ಬೆಳ್ಳಿ ಬಣ್ಣದ ಕಿಟ್ ಇನ್ನೂರ ನಲವತ್ತಕ್ಕೂ ತಪ್ಪಿಲ್ಲದೆ ಓಡುತ್ತದೆಂದು ಇಂಟರ್ನೆಟ್ಟಿನಲ್ಲಿ ಯಾರ್ಯಾರೋ ಬರೆದಿದ್ದರು. ಇವನದು ಇನ್ನೂರ ಇಪ್ಪತ್ತು ದಾಟಿದೊಡನೆ ಪರೀಕ್ಷೆಯಲ್ಲಿ ಬೀಳುತ್ತಿತ್ತು. ಯಾಕೆ ಎಂದು ಅವನು ಹುಡುಕಲೇ ಇಲ್ಲ. ಕಾರಣ ಅವನಿಗೆ ಮೊದಲೇ ಗೊತ್ತಿತ್ತು. ಕಾರಣ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿತ್ತು.

ಆ ಕಾರಣ ಹುಟ್ಟಿದ್ದು ಮಹಾನವಮಿಯ ದಿನ. ಅತ್ತೆ ಗಂಗವ್ವ ವಿಸಿಟ್ ವೀಸಾದ ಮೇಲೆ ಬಂದಿದ್ದರು. ಬೆಳಿಗ್ಗೆಯೇ ವಿಭೂತಿ, ಕುಂಕುಮದ ಬಟ್ಟಲು ಅವಳ ಕೈಗೆ ಕೊಟ್ಟು, ನನ್ನ ಮಗ ಯಾವುದರಾಗ ಕೆಲಸಾ ಮಾಡ್ತಾನ ಅದಕ್ಕೆಲ್ಲಾ ಹಚ್ಚಿ ಬಾ ಅಂದಿದ್ದರು. ಸ್ಕ್ರೂಡ್ರೈವರಿಗೆ ಹಚ್ಚಿದಳು, ಇಕ್ಕಳಕ್ಕೆ ಹಚ್ಚಿದಳು, ಕಂಪ್ಯೂಟರಿನ ಹಣೆಗೆ ಮೂರು ಬೆರಳ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟಳು. ಹಿಂದಿನ ದಿನವಷ್ಟೇ ಬುರೈಮಿಯಿಂದ ಬಂದಿದ್ದ ಪೊಟ್ಟಣ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಅದರೊಳಗಿನಿಂದ ಒಂದನ್ನು ತೆಗೆದು ಅದಕ್ಕೂ ಹಚ್ಚಿದಳು. ಹೊಸದು, ಮೊದಲು ಅದಕ್ಕೇ ಹಚ್ಚಬೇಕಿತ್ತೇನೋ ಅಂದುಕೊಂಡೇ ಹಚ್ಚಿದಳು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಚ್ಚಲಿನ ಬಾಗಿಲಲ್ಲಿ ಈರೇಶ ಟವೆಲ್ ಸುತ್ತಿಕೊಂಡು ನಿಂತಿದ್ದ. ಅವನು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಬಂದು ಅವಳ ಕೈಯಿಂದ ಅದನ್ನು ಕಿತ್ತುಕೊಂಡು, ಟವೆಲಿನ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸಿ, ಹೋತಿದು ಅಂದ. ದಾನಮ್ಮ ಅತ್ತೆಯ ಕಡೆ ನೋಡಿದಳು. ಅತ್ತೆ ಗೋಡೆಯ ಕಡೆ ನೋಡುತ್ತಿದ್ದರು. ನಾನೇ ಹೇಳಿದ್ದು ಅನ್ನುವ ಒಂದು ಮಾತು ಆ ಬಾಯಿಯಿಂದ ಬರುತ್ತದೆಂದು ಅವಳು ಕಾದಳು. ಕೈಯಲ್ಲಿದ್ದ ಬಟ್ಟಲು ಓರೆಯಾಗಿ ನೆಲಕ್ಕೆ ಕೆಂಪು ಬಿತ್ತು.

ಮುಂದೆ ಅದು ಕತೆಯಾಯಿತು. ಯಾರು ಊಟಕ್ಕೆ ಬಂದರೂ ಈರೇಶ ಹೇಳುತ್ತಿದ್ದ. ನಮ್ಮಾಕಿ ಮೆಮರಿಗೆ ಕುಂಕುಮ ಹಚ್ಚಿ ಮುತ್ತೈದಿ ಮಾಡ್ಯಾಳ ಅನ್ನುತ್ತಿದ್ದ. ದೇಜಪ್ಪಣ್ಣ ಅದಕ್ಕೆ ಬಾಲ ಸೇರಿಸಿದರು: ಅದಕ್ಕೇ ಅದು ಓಡುದಿಲ್ಲ ಮಾರಾಯ, ಮದುವೆ ಆದ ಮೇಲೆ ಯಾರು ಓಡ್ತಾರೆ ಹೇಳು. ಎಲ್ಲರೂ ನಕ್ಕರು. ದಾನಮ್ಮನೂ ನಕ್ಕಳು, ತಾಟು ಎತ್ತುತ್ತಾ. ನಗುವುದು ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಅತ್ತೆ ಊರಿಗೆ ಹೋದ ಮೇಲೆ ಫೋನಿನಲ್ಲಿ ಮಗನಿಗೆ ಹೇಳಿದ ಮಾತು. ಆ ಫೋನಿನಲ್ಲಿ ಆಚೆಯವರ ಮಾತು ಪಕ್ಕದಲ್ಲಿದ್ದವರಿಗೂ ಕೇಳುತ್ತಿತ್ತು. ಇರ್ಲಿ ಬಿಡಪಾ, ಆಕಿ ಕೈಗುಣಾನ ಹಂಗ. ಅವತ್ತಿನಿಂದ ದಾನಮ್ಮ ತನ್ನ ಕೈಯನ್ನು ನೋಡಿಕೊಳ್ಳತೊಡಗಿದಳು. ಹೆಪ್ಪು ಹಾಕಿದ ಹಾಲು ಏಸಿಯ ತಂಪಿಗೆ ಮೊಸರಾಗದೆ ನೀರು ಬಿಟ್ಟುಕೊಂಡಿತು. ಅದು ಏಸಿಯಿಂದ ಎಂದು ಗೊತ್ತಿದ್ದರೂ ಕೈ ನೋಡಿಕೊಂಡಳು. ಬಾಲ್ಕನಿಯ ಕುಂಡದ ಕರಿಬೇವು ಎಲೆ ಉದುರಿಸಿತು. ಮದುವೆಯಾಗಿ ಇಷ್ಟು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟುವ ಮಾತು ಬಂದಿರಲಿಲ್ಲ. ಆ ವಿಷಯ ಯಾರೂ ಎತ್ತುತ್ತಿರಲಿಲ್ಲ, ಮತ್ತು ಎತ್ತದೆ ಇರುವಾಗೆಲ್ಲ ಅವಳಿಗೆ ಕೈಗುಣ ಅನ್ನುವ ಮಾತೇ ಕೇಳುತ್ತಿತ್ತು. ಮೆಮರಿಯ ಕತೆಯಲ್ಲಿ ಮಾತ್ರ ಕಣ್ಣಿಗೆ ಕಾಣುವ ಒಂದು ವಸ್ತುವಿತ್ತು. ಕೈ ಮುಟ್ಟಿದ್ದು ಒಂದು, ಮುಟ್ಟದ್ದು ಇನ್ನೊಂದು. ಎರಡೂ ಈಗ ಅವಳ ಅಂಗೈಯಲ್ಲಿದ್ದವು, ಮಧ್ಯಾಹ್ನದ ತನಕ.

ಅವಳು ಪೊಟ್ಟಣ ಬಿಚ್ಚಿದಳು. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ಬಗ್ಗಿ ನೋಡಿದಳು. ಒಂದೇ ಅಗಲ, ಒಂದೇ ತಗಡಿನ ಹೊದಿಕೆ, ಒಂದೇ ಚೀಟಿ. ಚೀಟಿಯ ಮೇಲಿನ ಉದ್ದನೆಯ ನಂಬರಿನ ಕೊನೆಯ ಅಂಕಿ ಮಾತ್ರ ಬೇರೆ, ಒಂದರ ನಂತರ ಇನ್ನೊಂದು. ಒಂದೇ ಕಿಟ್ ಅಂದ್ರ ಅವಳಿಜವಳಿ ಇದ್ದಂಗ ಎಂದು ಈರೇಶ ಅನ್ನುತ್ತಿದ್ದ. ಅಂಗಡಿಯವನಿಗೆ ಗೊತ್ತಾಗದಿರಲಿ ಎಂದು ಅವನು ಕುಂಕುಮ ಹತ್ತಿದ್ದನ್ನು ಸ್ಪಿರಿಟ್ ಹಾಕಿ ಉಜ್ಜಿದ್ದ. ಆದರೂ ತಗಡಿನ ಅಂಚು ಕ್ಲಿಪ್ಪಿನೊಳಗೆ ಸೇರುವ ಕಡೆ, ಉಗುರೂ ಹೋಗದ ಸಂದಿಯಲ್ಲಿ, ಕೂದಲಿನಷ್ಟು ಸಣ್ಣ ಕೆಂಪು ಗೆರೆ ಉಳಿದಿತ್ತು. ಅದನ್ನು ಕಂಡಾಗ ಅವಳಿಗೆ ಕಳ್ಳನನ್ನು ಹಿಡಿದಂತಾಗಲಿಲ್ಲ, ಕನ್ನಡಿ ಕಂಡಂತಾಯಿತು.

ಇಳಕಲ್ಲಿನಲ್ಲಿ ಅಪ್ಪನ ಮಗ್ಗದ ಪಕ್ಕ ಕಂಡಿಕೆಗೆ ನೂಲು ಸುತ್ತಲು ಕೂತಾಗ ಅವಳು ಒಂಬತ್ತನೆಯ ತರಗತಿಯ ಪುಸ್ತಕ ಕಟ್ಟಿಟ್ಟಿದ್ದಳು. ಅಲ್ಲಿ ಒಂದು ರೀತಿಯಿತ್ತು. ಎಳೆ ಕಡಿದರೆ ಕೊನೆಗೆ ಯಾರ ಕೈ ತಾಗಿತ್ತೋ ಅವರೇ ಕಡಿದದ್ದು. ನೂಲು ಬಂದದ್ದು ಎಲ್ಲಿಂದಲೋ, ಬಣ್ಣ ಹಾಕಿದ್ದು ಯಾರೋ, ಗಂಜಿ ಹೆಚ್ಚಾಗಿದ್ದು ಯಾವತ್ತೋ. ಬೈಸಿಕೊಳ್ಳುವುದು ಮಾತ್ರ ಕೊನೆಯ ಕೈ. ಒಮ್ಮೆ ಒಂದೇ ತೊಟ್ಟಿಯಲ್ಲಿ ಅದ್ದಿದ ಎರಡು ಲಡಿ ನೂಲು ಒಣಗಿದ ಮೇಲೆ ಎರಡು ಬೇರೆ ಬೇರೆ ಕೆಂಪಾದವು. ಅಪ್ಪ ಅವಳನ್ನು ಬೈಯಲಿಲ್ಲ. ಎರಡನ್ನೂ ಬಿಸಿಲಿಗೆ ಒಯ್ದು, ಒಂದೊಂದು ಎಳೆ ಹೊಸೆದು, ಬಹಳ ಹೊತ್ತು ನೋಡಿ, ಇದರ ಹತ್ತೀನ ಬ್ಯಾರೆ ಅಂದ. ಆ ಮಾತು ಅವಳಿಗೆ ಎಷ್ಟು ದೊಡ್ಡದಾಗಿ ಕೇಳಿಸಿತ್ತೆಂದರೆ, ಅವತ್ತು ಊಟ ಮಾಡುವಾಗಲೂ ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ನೋಡುವ ಮೊದಲು ಬೈಯದ ಒಬ್ಬ ಮನುಷ್ಯ. ಅಂಥವರು ಎಲ್ಲ ಕಡೆ ಇರುತ್ತಾರೆಂದು ಅವಳು ತಿಳಿದುಕೊಂಡಿದ್ದಳು.

ಗೋಡೆಯ ಸ್ವಿಚ್ ಆರಿಸಿದಳು. ಮಗ್ಗುಲಿನ ತಗಡಿಗೆ ಈಗ ಸ್ಕ್ರೂ ಇರಲಿಲ್ಲ, ಹಿಂದಕ್ಕೆ ಎಳೆದರೆ ಬರುತ್ತಿತ್ತು. ಒಳಗೆ ಕೈ ಹಾಕುವ ಮೊದಲು ಈರೇಶ ಮಷೀನಿನ ಬರಿಯ ಕಬ್ಬಿಣವನ್ನು ಒಮ್ಮೆ ಮುಟ್ಟುತ್ತಿದ್ದ, ದೇವರ ಕಟ್ಟೆ ಮುಟ್ಟಿದ ಹಾಗೆ. ಮೈಯಲ್ಲಿರುವ ಕರೆಂಟು ಇಳಿಯಲಿ ಎಂದು. ಅವಳೂ ಮುಟ್ಟಿದಳು. ಕೈ ತಣ್ಣಗಾಯಿತು. ಎರಡೂ ಕಡೆಯ ಬಿಳಿಯ ಕಿವಿಗಳಂಥ ಚಿಲಕಗಳನ್ನು ಕೆಳಕ್ಕೆ ಒತ್ತಿ ಹಳೆಯ ಮೆಮರಿಯನ್ನು ತೆಗೆದಳು. ಈರೇಶ ಜೋಡಿಯಾಗಿ ಹಾಕುತ್ತಿದ್ದುದನ್ನು ಅವಳು ಒಂದೊಂದಾಗಿ ಹಾಕಿ ನೋಡಬೇಕೆಂದಿದ್ದಳು. ಮೊದಲು ಯಾವುದು? ಮುಟ್ಟದೆ ಉಳಿದದ್ದನ್ನೇ ಮೊದಲು ಹಾಕಬೇಕು ಅನ್ನಿಸಿತು. ಅದು ಸರಿಯಾಗಿ ಓಡುತ್ತದೆ, ಇನ್ನೂರ ನಲವತ್ತಕ್ಕೆ ಓಡುತ್ತದೆ. ಆಮೇಲೆ ತನ್ನದನ್ನು ಹಾಕಿದರೆ ಅದು ಬೀಳುತ್ತದೆ. ಆಗ ಒಂದು ಸಲಕ್ಕೆ, ಯಾರ ಎದುರಿಗೂ ಅಲ್ಲದೆ, ತಾನೊಬ್ಬಳೇ ಅದನ್ನು ನೋಡಿ ಮುಗಿಸಬಹುದು. ಅವಳು ಬಯಸಿದ್ದು ಅಷ್ಟೇ. ಹೌದಾದರೆ ಹೌದು ಎಂದು ತಿಳಿಯಬೇಕು. ಬೇರೆಯವರ ನಗುವಿನಿಂದ ಅದನ್ನು ತಿಳಿಯುವುದು ಸಾಕಾಗಿತ್ತು.

ಮುಟ್ಟದ್ದನ್ನು ಕೂರಿಸಿ ಸ್ವಿಚ್ ಹಾಕಿದೊಡನೆ ಮಷೀನು ಕಿರುಚಿತು. ಉದ್ದನೆಯ ಒಂದು ಕೂಗು, ನಿಲ್ಲಿಸಿ, ಮತ್ತೆ ಒಂದು. ಪರದೆ ಕಪ್ಪಾಗಿಯೇ ಇತ್ತು. ದಾನಮ್ಮ ಸ್ವಿಚ್ ಆರಿಸಿ ನೆಲದ ಮೇಲೆ ಕೂತುಬಿಟ್ಟಳು. ಮುಟ್ಟಿದ್ದೇ ಸಾಕು, ಹೋಯಿತು. ಕೆಳಗಿನ ವರ್ಕ್‌ಶಾಪಿನಲ್ಲಿ ಯಾರೋ ಮಲಯಾಳದಲ್ಲಿ ಯಾರನ್ನೋ ಕರೆದು ನಕ್ಕರು. ಆ ನಗು ತನ್ನ ಮೇಲೇ ಬಿದ್ದಂತೆ ಅವಳು ಸೆರಗು ಎಳೆದುಕೊಂಡಳು. ಊಟದ ಹೊತ್ತಿಗೆ ಈ ಕತೆಗೆ ಎರಡನೆಯ ಭಾಗ ಸೇರುತ್ತದೆ. ಮುತ್ತೈದೆ ಮಾಡಿದ್ದು ಸಾಲದೆಂದು ಮಷೀನನ್ನೇ ಕೊಂದಳು. ಸ್ವರ್ಣಲತಾ ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟು ನಗುವುದು ಕಾಣಿಸಿತು. ಆಮೇಲೆ, ಬಹಳ ಹೊತ್ತಿನ ಮೇಲೆ, ಈರೇಶ ಒಂದು ಶುಕ್ರವಾರ ಇದೇ ಕೂಗು ಕೇಳಿ ಹೆದರದೆ, ಕೂತಿಲ್ಲ ಅದು ಎಂದು ಗೊಣಗಿ ಹೆಬ್ಬೆರಳಿನಿಂದ ಒತ್ತಿದ್ದು ನೆನಪಾಯಿತು. ಎದ್ದಳು. ಎರಡೂ ಹೆಬ್ಬೆರಳು ಇಟ್ಟು, ಮುರಿದರೆ ಮುರಿಯಲಿ ಅನ್ನುವಷ್ಟು ಒತ್ತಿದಳು. ಬಿಳಿಯ ಕಿವಿಗಳು ತಾವಾಗಿಯೇ ಮೇಲೆದ್ದು ಟಕ್ಕೆಂದು ಹಿಡಿದುಕೊಂಡವು. ಈ ಸಲ ಮಷೀನು ಒಂದೇ ಒಂದು ಸಣ್ಣ ಸದ್ದು ಮಾಡಿ ಎಚ್ಚರವಾಯಿತು.

ಮುಂದಿನದು ಅವಳಿಗೆ ಬಾಯಿಪಾಠವಾಗಿತ್ತು. ಡಿಲೀಟ್, ಬಾಣದ ಗುರುತು ಕೆಳಕ್ಕೆ, ಎಂಟರ್. ನಲವತ್ತರ ವೇಗವನ್ನು ಈರೇಶ ಹೆಸರು ಕೊಟ್ಟು ಉಳಿಸಿಟ್ಟಿದ್ದ. ಅದನ್ನು ಆರಿಸಿ ಎಂಟರ್ ಒತ್ತಿದಳು. ಪರೀಕ್ಷೆಯ ಸೀಡಿ ಹಾಕಿದಳು. ಪರದೆ ನೀಲಿಯಾಯಿತು, ಮೇಲೆ ಅಂಕಿಗಳು ಓಡತೊಡಗಿದವು. ಈ ಪರದೆಯಲ್ಲಿ ಓದಲಿಕ್ಕೆ ಹೆಚ್ಚೇನೂ ಇರಲಿಲ್ಲ. ನೀಲಿಯಾಗಿಯೇ ಉಳಿದರೆ ಪಾಸು. ತಪ್ಪಿದರೆ ಕೆಂಪು ಸಾಲು. ಇದಕ್ಕೆ ಹೊತ್ತು ಹಿಡಿಯುತ್ತದೆಂದು ಅವಳಿಗೆ ಗೊತ್ತಿತ್ತು. ಅಡಿಗೆಮನೆಗೆ ಹೋಗಿ ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿದಳು. ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿ, ಅದರ ಮೇಲೆ ನೀರು ಸವರಿ, ಮನಸ್ಸು ತಡೆಯದೆ ಹಸಿಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಇಣುಕಿದಳು.

ಪರದೆಯ ಅರ್ಧ ಭಾಗ ಕೆಂಪಾಗಿತ್ತು.

ಅವಳ ಮೊದಲ ಯೋಚನೆ, ತಾನು ತಪ್ಪಾಗಿ ಹಾಕಿದ್ದೇನೆ ಎಂದು. ಎರಡನೆಯ ಯೋಚನೆ, ಗುರುತು ತಪ್ಪಿದೆ, ಇದೇ ಕುಂಕುಮ ತಾಗಿದ್ದು ಎಂದು. ಕೈ ತೊಳೆದು, ಮಷೀನು ಆರಿಸಿ, ಸ್ಟಿಕ್ಕನ್ನು ಹೊರಗೆ ತೆಗೆದು ಕಿಟಕಿಗೆ ಒಯ್ದಳು. ಕ್ಲಿಪ್ಪಿನ ಸಂದಿ ಸ್ವಚ್ಛವಾಗಿತ್ತು, ನಾಲ್ಕೂ ಕಡೆ. ಕೆಂಪು ಗೆರೆ ಇದ್ದದ್ದು ಮೇಜಿನ ಮೇಲೆ, ತನ್ನ ಸರದಿಗೆ ಕಾಯುತ್ತಿತ್ತು. ಮೂರನೆಯ ಯೋಚನೆ ಬಂದಾಗ ಅವಳು ಅದನ್ನು ಒಳಗೆ ಬಿಡಲಿಲ್ಲ. ಬಾಗಿಲಲ್ಲಿ ಬಂದು ನಿಂತ ಅಪರಿಚಿತರನ್ನು ನೋಡುವ ಹಾಗೆ ನೋಡಿದಳು. ಹಂಚಿನ ಮೇಲೆ ರೊಟ್ಟಿ ಸುಡುವ ವಾಸನೆ ಬಂತು. ಓಡಿ ಹೋಗಿ ಅದನ್ನು ತೆಗೆದು, ಬೆಂಕಿ ಆರಿಸಿ, ಮತ್ತೆ ಬಂದಳು. ಅದೇ ಸ್ಟಿಕ್ಕನ್ನು ಅದೇ ಜಾಗದಲ್ಲಿ ಇನ್ನೊಮ್ಮೆ ಒತ್ತಿ ಕೂರಿಸಿ, ಈ ಸಲ ಅಲ್ಲೇ ನಿಂತು ನೋಡಿದಳು. ನೀಲಿ, ನೀಲಿ, ಅಂಕಿಗಳು ಓಡುತ್ತಿದ್ದವು. ಒಂದು ಕೆಂಪು ಸಾಲು ಬಂತು. ಅದರ ಕೆಳಗೆ ಇನ್ನೊಂದು. ಆಮೇಲೆ ಒಟ್ಟಿಗೆ ಅನೇಕ, ಯಾರೂ ಮುಟ್ಟದೆ, ಯಾರೂ ಹಚ್ಚದೆ, ತಾವಾಗಿಯೇ.

ಈಗ ತನ್ನದನ್ನು, ಕುಂಕುಮ ತಾಗಿದ್ದನ್ನು, ಒತ್ತಿ ಕೂರಿಸಿದಳು. ಬಹುಶಃ ಎರಡೂ ಬೀಳುತ್ತವೆ, ಅಂಗಡಿಯವನು ಇಬ್ಬರು ಕುಂಟರನ್ನು ಒಂದೇ ಪೊಟ್ಟಣದಲ್ಲಿ ಹಾಕಿ ಕೊಟ್ಟಿದ್ದಾನೆ. ಅಷ್ಟಾದರೂ ಸಾಕು ಅಂದುಕೊಂಡಳು. ಅದೇ ಜಾಗ, ಅದೇ ವೇಗ, ಅದೇ ಸೀಡಿ. ಪರದೆ ನೀಲಿಯಾಯಿತು. ಕುರ್ಚಿ ಈರೇಶನದು. ಮೂರು ವರ್ಷದಲ್ಲಿ ಅವಳು ಅದನ್ನು ಒರೆಸಿದ್ದಳೇ ಹೊರತು ಅದರ ಮೇಲೆ ಕೂತಿರಲಿಲ್ಲ. ಈಗ ಕೂತಳು. ಇನ್ನೊಂದು ಬಿದ್ದ ಜಾಗಕ್ಕೆ ಅಂಕಿಗಳು ಬಂದವು. ಅಂಕಿಗಳು ಆ ಜಾಗವನ್ನು ದಾಟಿದವು, ತಿರುಗಿ ಕೂಡ ನೋಡದೆ, ಹುಡುಗಿಯೊಬ್ಬಳು ಕೊಡ ಹೊತ್ತು ಕಟ್ಟೆ ದಾಟಿಹೋದಂತೆ. ಇನ್ನೂ ಮುಂದೆ ಹೋದವು. ನೀಲಿ ನೀಲಿಯಾಗಿಯೇ ಇತ್ತು. ಅವಳು ರೊಟ್ಟಿ ಬಡಿದು ಬಂದಳು, ನೀಲಿ. ಬದನೆಕಾಯಿ ಎಣಗಾಯಿ ಒಗ್ಗರಣೆಗೆ ಹಾಕಿ ಬಂದಳು, ನೀಲಿ. ಪರೀಕ್ಷೆ ಒಂದು ಸುತ್ತು ಮುಗಿಸಿ, ತಪ್ಪು ಸೊನ್ನೆ ಎಂದು ತೋರಿಸಿ, ತಾನೇ ಎರಡನೆಯ ಸುತ್ತು ಶುರುಮಾಡಿತು. ಮಸೀದಿಯಿಂದ ಮಧ್ಯಾಹ್ನದ ಬಾಂಗು ಕೇಳಿಸಿತು. ವರ್ಕ್‌ಶಾಪಿನ ಸದ್ದು ನಿಂತಿತು. ಆ ನಿಶ್ಶಬ್ದದಲ್ಲಿ ಅವಳು ಅಡಿಗೆಮನೆಯ ನಡುವೆ ನಿಂತು ತನ್ನ ಎರಡೂ ಕೈಗಳನ್ನು ಎತ್ತಿ ಹಿಡಿದು ನೋಡಿದಳು. ಉಗುರಿನ ಸಂದಿಯಲ್ಲಿ ಹಿಟ್ಟು. ಅಂಗೈಯಲ್ಲಿ ಹಂಚಿನ ಹಳೆಯ ಕಲೆ. ಕೈಗಳು, ಅಷ್ಟೇ. ಅವಳೊಳಗೆ ಏನೋ ಒಂದು ಎದ್ದು ನಿಂತಿತು. ಅದಕ್ಕೆ ಅಳು ಎಂದೂ ಹೆಸರಿರಲಿಲ್ಲ, ನಗು ಎಂದೂ ಹೆಸರಿರಲಿಲ್ಲ, ಬಹಳ ದಿನ ಮಡಚಿ ಕೂತಿದ್ದ ಕಾಲು ಚಾಚಿದಂತಿತ್ತು. ಮಷೀನು ಆರಿಸಿ, ಹಳೆಯದನ್ನು ಹಾಕಿ, ಎಲ್ಲವನ್ನೂ ಪೊಟ್ಟಣಕ್ಕೆ ತುಂಬಿ, ಮೇಜನ್ನು ಯಾರೂ ಮುಟ್ಟದ ಹಾಗೆ ಮಾಡಿಡಲು ಇನ್ನೂ ಹೊತ್ತಿತ್ತು. ಅದನ್ನು ಅವಳು ಬಲ್ಲಳು. ಮಾಡಲಿಲ್ಲ. ಕೋಣೆಯ ಬಾಗಿಲು ಅರ್ಧ ಎಳೆದುಕೊಂಡು ಬಂದು ಸೌತೆಕಾಯಿ ಹೆಚ್ಚತೊಡಗಿದಳು.

ಮೂವರೂ ಒಟ್ಟಿಗೆ ಬಂದರು, ಮೆಟ್ಟಿಲಲ್ಲೇ ಸಿಕ್ಕರಂತೆ. ದೇಜಪ್ಪಣ್ಣ ಬಂದವರೇ ರೊಟ್ಟಿಯ ವಾಸನೆ ಹೊಗಳಿ, ಬೇಗ ಬಡಿಸಿ, ಹೊತ್ತಿರುವಾಗಲೇ ಬುರೈಮಿ ಸೇರಬೇಕು, ಯಲ್ಲಾ ಯಲ್ಲಾ ಎಂದು ಅವಸರ ಮಾಡಿದರು. ಸ್ವರ್ಣಲತಾ ಬಂಗುಡೆ ಮೀನು ಇಲ್ಲದ ಊಟ ತಿಂದು ಇವರಿಗೆ ವ್ರತ ಮಾಡಿದ ಪುಣ್ಯ ಬರ್ತದೆ ಎಂದು ಗಂಡನನ್ನು ತಮಾಷೆ ಮಾಡಿದಳು. ಈರೇಶ ಕೈ ತೊಳೆದು ನೇರ ತಾಟಿನ ಮುಂದೆ ಕೂತ. ಅವನಿಗೆ ಇವತ್ತು ಖುಷಿಯಿತ್ತು, ಹೊಸ ಕಿಟ್ ಬರುತ್ತದೆಂದು. ಎರಡನೆಯ ರೊಟ್ಟಿ ಮುರಿಯುವಾಗ ಅವನು ಶುರುಮಾಡಿದ. ಅಂಗಡಿಯವನ ಮುಂದೆ ಬಾಯಿ ಬಿಡಬೇಡಿ ಎಂದು ದೇಜಪ್ಪಣ್ಣನಿಗೆ ಎಚ್ಚರಿಕೆ ಹೇಳಿ, ಹೊಸ ಕಿಟ್ ಬಂದ ಮೇಲೆ ಮಹಾನವಮಿಗೆ ಅದನ್ನು ಬ್ಯಾಂಕಿನ ಲಾಕರಿನಲ್ಲಿ ಇಡುತ್ತೇನೆ ಅಂದ.

"ಇಲ್ಲಾಂದ್ರ ನಮ್ಮಾಕಿ ಅದಕ್ಕೂ ಉಡಿ ತುಂಬ್ತಾಳ" ಅಂದ.

ದೇಜಪ್ಪಣ್ಣ ಕೆಮ್ಮು ಬರುವ ತನಕ ನಕ್ಕರು. ಸ್ವರ್ಣಲತಾ ಬಾಯಿಗೆ ಕೈ ಅಡ್ಡ ಇಟ್ಟಳು, ಬೆಳಿಗ್ಗೆ ಕಾಣಿಸಿದ್ದ ಹಾಗೆಯೇ. ದಾನಮ್ಮ ಎಣಗಾಯಿಯ ಬೋಗುಣಿ ಹಿಡಿದು ನಿಂತಿದ್ದಳು. ಈ ಜಾಗದಲ್ಲಿ ಅವಳೂ ನಗುವುದು ವಾಡಿಕೆ. ನಗುವಿಗೆ ಬಿಟ್ಟ ಜಾಗ ಖಾಲಿ ಉಳಿದದ್ದನ್ನು ಮೂವರೂ ಬೇಗ ಗಮನಿಸಲಿಲ್ಲ. ಅವಳು ಬೋಗುಣಿಯನ್ನು ಕೆಳಗಿಟ್ಟಳು. ಗಂಡಸರು ಊಟಕ್ಕೆ ಕೂತಾಗ ಬಡಿಸಲೇ ಎಂದು ಕೇಳುವುದನ್ನು ಬಿಟ್ಟರೆ ಬೇರೆ ಮಾತನ್ನು ಈ ಮನೆಯಲ್ಲಿ ಆಡಿದ ನೆನಪಿರಲಿಲ್ಲ.

"ಕುಂಕುಮ ಹಚ್ಚಿದ್ದು ಒಳಗ ಓಡಾಕತ್ತೈತಿ" ಅಂದಳು. "ಇನ್ನೂರ ನಲವತ್ತಕ್ಕ. ಬಂದು ನೋಡ್ರಿ."

ಈರೇಶ ಅವಳನ್ನು ನೋಡಿದ. ಆಮೇಲೆ ಅರ್ಧ ಎಳೆದ ಬಾಗಿಲನ್ನು ನೋಡಿದ. ಕೈಯಲ್ಲಿದ್ದ ರೊಟ್ಟಿಯ ಚೂರು ತಾಟಿಗೆ ಬಿತ್ತು.

"ಮಷೀನ್ ಯಾರು ಬಿಚ್ಚಿದ್ರು?"

"ನಾನ."

ಅವನು ಎಂಜಲು ಕೈಯಲ್ಲೇ ಎದ್ದು ಹೋದ. ಹೋಗುವ ರಭಸದಲ್ಲಿ ಸಿಟ್ಟಿತ್ತು. ಅವನ ಬೆನ್ನು ನೋಡಿಯೇ ಅವಳಿಗೆ ತಿಳಿಯಿತು. ಮೊದಲಾಗಿದ್ದರೆ ಆ ಬೆನ್ನು ಕಂಡು ಅಡಿಗೆಮನೆಗೆ ಹೋಗಿ ನಲ್ಲಿ ಬಿಡುತ್ತಿದ್ದಳು. ಈಗ ಹಿಂದೆಯೇ ಹೋದಳು. ಬಾಗಿಲಲ್ಲಿ ಅವನು ನಿಂತುಬಿಟ್ಟಿದ್ದ. ಪರದೆ ನೀಲಿಯಾಗಿತ್ತು, ಮೇಲೆ ವೇಗದ ಅಂಕಿ, ಬದಿಯಲ್ಲಿ ಮುಗಿದ ಸುತ್ತುಗಳು, ತಪ್ಪಿನ ಜಾಗದಲ್ಲಿ ಸೊನ್ನೆ. ಅವನು ಹತ್ತಿರ ಹೋಗಿ, ಬಗ್ಗಿ, ತೆರೆದ ಮಗ್ಗುಲಿನೊಳಗೆ ಒಂದೇ ಸ್ಟಿಕ್ ಕೂತದ್ದನ್ನು ನೋಡಿದ. ಪೊಟ್ಟಣದಲ್ಲಿ ಉಳಿದದ್ದನ್ನು ನೋಡಿದ. ಕೈ ತೊಳೆದು ಬಂದ. ಅಷ್ಟರಲ್ಲಿ ದೇಜಪ್ಪಣ್ಣ, ಸ್ವರ್ಣಲತಾ ಕೂಡ ಬಾಗಿಲಿಗೆ ಬಂದಿದ್ದರು. ಅವನು ಕುರ್ಚಿ ಎಳೆದುಕೊಂಡು ಕೂತು, ಮಷೀನು ಆರಿಸಿ, ಒಂದನ್ನು ತೆಗೆದು ಇನ್ನೊಂದನ್ನು ಹಾಕಿದ. ಹಾಕುವ ಮೊದಲು ಅದರ ಸಂದಿಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ಹುಡುಕಿದ. ಕೆಂಪು ಸಿಗಲಿಲ್ಲ. ಪರದೆಯ ಮೇಲೆ ಸಿಕ್ಕಿತು, ಸ್ವಲ್ಪ ಹೊತ್ತಿನ ಮೇಲೆ, ಸಾಲು ಸಾಲಾಗಿ.

"ಎಂತ ಮಾರಾಯ ಇದು" ಅಂದರು ದೇಜಪ್ಪಣ್ಣ, ಎಂಜಲು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು. "ಒಂದೇ ಬಾಕ್ಸಲ್ಲಿ ಬಂದದ್ದಲ್ವಾ? ನಾನೇ ತಂದದ್ದಲ್ವಾ?"

"ಒಂದ ಕಿಟ್ ಖರೆ ಅಣ್ಣಾ" ಅಂದ ಈರೇಶ. ಸಿಟ್ಟು ಅವನ ದನಿಯಿಂದ ಯಾವಾಗಲೋ ಇಳಿದುಹೋಗಿತ್ತು. ಅವನ ಕಣ್ಣು ಮಿನುಗುತ್ತಿತ್ತು, ಹುಡುಗರು ಗೂಡು ಕಂಡಾಗ ಮಿನುಗುವ ಹಾಗೆ. "ತಗಡಿನ ಒಳಗ ಚಿಪ್ ಬ್ಯಾರೆ ಇರಬೇಕು. ಇಲ್ಲಾ, ಚಿಪ್ ಒಂದೇ ಇದ್ರೂ ಇದು ಗಟ್ಟಿ, ಅದು ಮೆತ್ತಗ. ಎರಡೂ ಜೋಡಿ ಹಾಕಿದ್ರ ಮೆತ್ತಗಿನದು ಗಟ್ಟಿಯದ್ದನ್ನೂ ಹಿಡಿದು ನಿಲ್ಲಸ್ತೈತಿ. ನಾ ಬಿಡಿಸಿ ನೋಡಲೇ ಇಲ್ಲಲ್ಲ."

ಅಷ್ಟೇ. ಅವನು ಅದನ್ನು ಅವಳ ಕಡೆ ತಿರುಗಿ ಹೇಳಲಿಲ್ಲ, ಪರದೆಗೆ ಹೇಳಿದ. ಆದರೂ ಹೇಳಿದ. ನಾ ಬಿಡಿಸಿ ನೋಡಲೇ ಇಲ್ಲ. ಅಪ್ಪ ಬಿಸಿಲಿನಲ್ಲಿ ಎಳೆ ಹೊಸೆಯುತ್ತಾ ಆಡಿದ ಮಾತಿನಷ್ಟೇ ದೊಡ್ಡದಾಗಿ ಅದು ದಾನಮ್ಮನಿಗೆ ಕೇಳಿಸಿತು. ಅವಳು ಬೇರೆ ಏನನ್ನೂ ಕೇಳಬೇಕೆಂದಿರಲಿಲ್ಲ. ಇವನು ಮುಂದಿನ ಭಾನುವಾರ ಊರಿಗೆ ಫೋನು ಮಾಡುತ್ತಾನೆ, ಇದನ್ನು ಅತ್ತೆಗೆ ಹೇಳುತ್ತಾನೋ ಇಲ್ಲವೋ. ಹೇಳದಿದ್ದರೂ, ಅತ್ತೆಯ ಮಾತು ಇನ್ನು ಮೇಲೆ ಫೋನಿನಿಂದ ಹೊರಗೆ ಕೇಳಿಸಿದರೆ ಅದು ಒಬ್ಬ ಮುದುಕಿಯ ಮಾತು, ಅಷ್ಟೇ ಕೇಳಿಸುತ್ತದೆ. ಈರೇಶ ಗಟ್ಟಿಯದ್ದನ್ನು ಮತ್ತೆ ಹಾಕಿದ. ಈ ಸಲ ನಲವತ್ತಲ್ಲ, ಐವತ್ತು ಬರೆದ. ಬುರೈಮಿಯ ಹೆಸರನ್ನು ಯಾರೂ ಎತ್ತಲಿಲ್ಲ. ದೇಜಪ್ಪಣ್ಣ ಒಂದು ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

ಸ್ವರ್ಣಲತಾ ಹಿಂದಕ್ಕೆ ಬಂದು ದಾನಮ್ಮನ ಮುಂಗೈ ಹಿಡಿದಳು.

"ನೋಡಿ, ನಿಮ್ಮ ಕೈಗುಣ ಎಷ್ಟು ಒಳ್ಳೆದುಂಟು. ನೀವು ಮುಟ್ಟಿದ್ದೇ ಓಡುದು."

ದಾನಮ್ಮ ಆ ಮಾತನ್ನು ಒಂದು ಗಳಿಗೆ ಹಿಡಿದು ನೋಡಿದಳು. ಸಿಹಿಯಾಗಿತ್ತು. ತೆಗೆದುಕೊಂಡರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ನಾಳೆಯಿಂದ ಊಟದ ಹೊತ್ತಿನ ಕತೆ ಹೊಸದಾಗುತ್ತಿತ್ತು, ನಮ್ಮಾಕಿ ಕುಂಕುಮ ಹಚ್ಚಿದ್ದೇ ಓಡಿತು ಎಂದು. ಆದರೆ ಒಂದು ದಿನ ಒಳ್ಳೆಯದಾದ ಕೈ ಇನ್ನೊಂದು ದಿನ ಕೆಟ್ಟದ್ದಾಗಲೇಬೇಕು. ಅವಳಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತ್ತು, ಬೆಳಿಗ್ಗೆ, ಒಬ್ಬಳೇ ಇದ್ದಾಗ. ಪೊಟ್ಟಣ ಬುರೈಮಿಗೆ ಬರುವ ಮೊದಲೇ, ಯಾವುದೋ ದೇಶದ ಯಾವುದೋ ಕಾರ್ಖಾನೆಯಲ್ಲೇ ಒಂದು ಗಟ್ಟಿ, ಇನ್ನೊಂದು ಮೆತ್ತಗೆ ಹುಟ್ಟಿದ್ದವು. ಅವಳ ಬೆರಳು, ಅತ್ತೆಯ ಬಟ್ಟಲು, ದೇವರ ಕುಂಕುಮ, ಯಾವುದೂ ಅವುಗಳೊಳಗೆ ಹೋಗಿರಲಿಲ್ಲ. ಹೆಪ್ಪಿನೊಳಗೂ ಹೋಗಿರಲಿಲ್ಲ, ಕರಿಬೇವಿನೊಳಗೂ, ಎಲ್ಲಿಗೂ.

"ನನ್ನ ಕೈ ಅದಕ್ಕ ಏನೂ ಮಾಡಿಲ್ರಿ ಅಕ್ಕಾ" ಅಂದಳು. ಅಂದಾಗ ಅವಳಿಗೇ ಕೇಳಿಸಿತು, ತನ್ನ ದನಿ ಎಷ್ಟು ಸಂತೋಷವಾಗಿದೆ ಎಂದು.

ಸ್ವರ್ಣಲತಾಗೆ ಅದು ಅರ್ಥವಾಗಲಿಲ್ಲ. ನಾಚಿಕೆ ಎಂದುಕೊಂಡು ಮುಂಗೈ ತಟ್ಟಿ, ಗಂಡನ ಹೆಗಲ ಮೇಲಿನಿಂದ ಪರದೆಗೆ ಬಗ್ಗಿದಳು. ಒಳಗೆ ತಾಟುಗಳು ಒಣಗುತ್ತಿದ್ದವು. ಎಣಗಾಯಿಯ ಮೇಲೆ ಎಣ್ಣೆ ತೇಲಿ ನಿಂತಿತ್ತು. ಯಾರಿಗೂ ಊಟದ ನೆನಪಿರಲಿಲ್ಲ. ದಾನಮ್ಮನಿಗಿತ್ತು, ಆದರೆ ಅವಳು ಅಡಿಗೆಮನೆಗೆ ಹೋಗಲಿಲ್ಲ. ಮಷೀನಿನ ಫ್ಯಾನುಗಳು ಜೋರಾದವು. ಐವತ್ತಕ್ಕೆ, ಓಡ್ತೈತಿ ನೋಡು, ಓಡ್ತೈತಿ ಎಂದು ಈರೇಶ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದ. ಮೂವರ ಬೆನ್ನು ಸೇರಿ ಗೋಡೆಯಾಗಿತ್ತು. ತಲೆಗಳ ನಡುವಿನ ಸಂದಿಯಲ್ಲಿ ಒಂದು ಚೂರು ನೀಲಿ ಮಾತ್ರ ಅವಳಿಗೆ ಕಾಣುತ್ತಿತ್ತು. ಅವಳು ತುದಿಗಾಲ ಮೇಲೆ ನಿಂತು ನೋಡಿದಳು. ಮತ್ತೆ ಹಿಮ್ಮಡಿ ಊರಿ, ಮೈಯನ್ನು ಎಲ್ಲಿಗೂ ಕುಗ್ಗಿಸದೆ, ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿ ಅಂದಳು:

"ಸ್ವಲ್ಪ ಸರೀರಿ. ನನಗೂ ಕಾಣ್ಲಿ."